ಮಂಡಿ ಹೇಳಿದ ಮಾತು

ಮೊನ್ನೆ ಸಂಜೆ ಮಗಳು ಒಂದು ಕಾಗದ ತಂದು ನನ್ನ ಮುಂದಿಟ್ಟಳು. ಅವಳ ಶಾಲೆಯ ಕಬಡ್ಡಿ ತಂಡ ತಾಲ್ಲೂಕು ಮಟ್ಟದಲ್ಲಿ ಗೆದ್ದಿತ್ತು. ಮುಂದಿನ ಹಂತಕ್ಕೆ ಕಳಿಸಲು ಪೋಷಕರ ಒಪ್ಪಿಗೆ ಬೇಕು. 'ಅಪ್ಪಾ, ಒಂದು ಸೈನ್ ಹಾಕು' ಎಂದಳು. ಅಡುಗೆಮನೆಯಿಂದ ನನ್ನಾಕೆ, 'ಈ ವರ್ಷ ಎಸ್ಸೆಸ್ಸೆಲ್ಸಿ. ಕಬಡ್ಡಿ ಆಡಿದವರ ಮಂಡಿ ಮನೇಲೇ ಇದೆಯಲ್ಲ, ಅದನ್ನೊಂದು ಸಲ ನೋಡ್ಕೊಂಡು ಆಮೇಲೆ ಹಾಕಿ' ಎಂದಳು. ಪೆನ್ನು ಕೈಯಲ್ಲೇ ಉಳಿಯಿತು.

ಹೌದು, ನಾನು ಎಂಟು ವರ್ಷ ಕಬಡ್ಡಿ ಆಡಿದವನು. ಮಧುಗಿರಿಯ ಏಕಶಿಲಾ ಬೆಟ್ಟ ಕಾಣುವ ಒಂದು ಹಳ್ಳಿ ನಮ್ಮದು. ರಾಗಿ ಒಕ್ಕಣೆ ಮುಗಿದ ಕಣವೇ ನಮ್ಮ ಅಂಕಣ. ಒಲೆಯ ಬೂದಿಯೇ ಗೆರೆ. ಈಗಿನ ಮ್ಯಾಟು, ಶೂ ಏನೂ ಇರಲಿಲ್ಲ. ಜಾತ್ರೆ ಬಂದರೆ ಸಿರಾ, ಕೊರಟಗೆರೆ, ಪಾವಗಡ ಎಂದು ಲಾರಿ ಹತ್ತಿ ಹೋಗುತ್ತಿದ್ದೆವು. ಪಾವಗಡದ ಕಡೆಯ ಹುಡುಗರು ಹಿಡಿತ ಹಾಕುವ ಮುನ್ನ ತೆಲುಗಿನಲ್ಲಿ ಪಿಸುಗುಟ್ಟುತ್ತಿದ್ದರು. ಅರ್ಥವಾಗದವನಂತೆ ನಟಿಸಿ ಕೇಳಿಸಿಕೊಳ್ಳುವುದೇ ನನ್ನ ತಂತ್ರ. ಗೆದ್ದರೆ ಒಂದು ಸ್ಟೀಲ್ ಕೊಡ, ಊರಿನವರ ಶಿಳ್ಳೆ. ಅಷ್ಟಕ್ಕೇ ಎದೆ ಬೆಟ್ಟದಷ್ಟಾಗುತ್ತಿತ್ತು.

ದ್ವಿತೀಯ ಪಿಯುಸಿಯಲ್ಲಿ ಇಂಗ್ಲಿಷ್ ಉಳಿದುಹೋಯಿತು. ಮರುಪರೀಕ್ಷೆಯ ದಿನವೇ ಒಂದು ಪಂದ್ಯವಿತ್ತು. ಪರೀಕ್ಷೆ ಎಲ್ಲಿಗೆ ಹೋಗುತ್ತದೆ, ಆಮೇಲೆ ಬರೆದರಾಯಿತು ಎಂದು ಪಂದ್ಯಕ್ಕೆ ಹೋದೆ. ಆ ಪರೀಕ್ಷೆಯನ್ನು ಇವತ್ತಿಗೂ ಬರೆದಿಲ್ಲ. 1995ರಲ್ಲಿ ಗಟ್ಟಿ ನೆಲದ ಅಂಕಣವೊಂದರಲ್ಲಿ ಮಧ್ಯದ ಗೆರೆ ಮುಟ್ಟಲು ಹೊರಳಿದಾಗ ಮಂಡಿ 'ಟಕ್' ಎಂದಿತು. ನೋವನ್ನು ಮುಚ್ಚಿಟ್ಟು, ಬಟ್ಟೆ ಕಟ್ಟಿಕೊಂಡು ಮತ್ತೆರಡು ಪಂದ್ಯ ಆಡಿದೆ. ಅಲ್ಲಿಗೆ ಆಟ ಮುಗಿಯಿತು. ಕೈಯಲ್ಲಿ ಆಟವೂ ಇಲ್ಲ, ಸರ್ಟಿಫಿಕೇಟೂ ಇಲ್ಲ. ಕೊನೆಗೆ ಗೊಬ್ಬರದ ಅಂಗಡಿಯ ಗಲ್ಲಾಪೆಟ್ಟಿಗೆ ಸಿಕ್ಕಿತು.

ಹಾಗಾದರೆ ಆಟವೇ ತಪ್ಪೇ? ನಮ್ಮ ರಾಜ್ಯದ ಬಿ.ಸಿ. ರಮೇಶ್ ಅವರನ್ನು ನೋಡಿ. ಇದೇ ಕಬಡ್ಡಿಯಲ್ಲಿ ಅವರಿಗೆ 2001ರ ಅರ್ಜುನ ಪ್ರಶಸ್ತಿ ಬಂತು. ಆಟ ನಿಲ್ಲಿಸಿದ ಮೇಲೂ ಅಂಕಣ ಬಿಡಲಿಲ್ಲ. ತರಬೇತುದಾರರಾಗಿ 2019ರಲ್ಲಿ ಬೆಂಗಾಲ್ ವಾರಿಯರ್ಸ್ ತಂಡವನ್ನೂ 2024ರಲ್ಲಿ ಪುಣೇರಿ ಪಲ್ಟನ್ ತಂಡವನ್ನೂ ಪ್ರೊ ಕಬಡ್ಡಿ ಚಾಂಪಿಯನ್ ಮಾಡಿದರು. ಕಾರ್ಕಳ ತಾಲ್ಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ ಹಳ್ಳಿಯ ಹುಡುಗಿಯೇ. ಏಷ್ಯನ್ ಕ್ರೀಡಾಕೂಟಕ್ಕೆ ಪುರುಷರ ಕಬಡ್ಡಿ 1990ರಲ್ಲೇ ಸೇರಿದ್ದರೂ ಮಹಿಳೆಯರ ಕಬಡ್ಡಿ ಸೇರಿದ್ದು 2010ರಲ್ಲಿ. ಆ ಮೊದಲ ಚಿನ್ನ ಗೆದ್ದ ತಂಡದಲ್ಲಿ ಮಮತಾ ಇದ್ದರು. 2012ರಲ್ಲಿ ಪಟ್ನಾದಲ್ಲಿ ನಡೆದ ಮೊದಲ ಮಹಿಳಾ ವಿಶ್ವಕಪ್ಪನ್ನು ನಾಯಕಿಯಾಗಿ ಗೆದ್ದರು. 2014ರಲ್ಲಿ ಮತ್ತೆ ಏಷ್ಯನ್ ಚಿನ್ನ, ಜೊತೆಗೆ ಅರ್ಜುನ ಪ್ರಶಸ್ತಿ. ಅನ್ನಕ್ಕೆ ಆಧಾರವಾಗಿ ರೈಲ್ವೆಯ ನೌಕರಿಯೂ ಇತ್ತು.

ಎಲ್ಲ ಮಕ್ಕಳೂ ಮಮತಾ ಆಗುವುದಿಲ್ಲ ಎಂದು ನನಗೂ ಗೊತ್ತು. ದೂರದ ಐರ್ಲೆಂಡಿನಲ್ಲಿ ಗೇಲಿಕ್ ಫುಟ್‌ಬಾಲ್ ಎಂಬ ಆಟವಿದೆ. ಆಟಗಾರರು ತಮ್ಮ ತಮ್ಮ ಜಿಲ್ಲೆಗಾಗಿ ಆಡುತ್ತಾರೆ. ಫೈನಲ್‌ಗೆ ಡಬ್ಲಿನ್ನಿನ ಕ್ರೋಕ್ ಪಾರ್ಕಿನಲ್ಲಿ 80 ಸಾವಿರಕ್ಕೂ ಹೆಚ್ಚು ಜನ ಸೇರುತ್ತಾರೆ. ಆದರೆ ಆಟಗಾರರಿಗೆ ಸಂಬಳವಿಲ್ಲ! ಪಂದ್ಯ ಮುಗಿದರೆ ಒಬ್ಬ ಶಾಲೆಗೆ ಪಾಠ ಮಾಡಲು ಹೋಗುತ್ತಾನೆ, ಇನ್ನೊಬ್ಬ ಹೊಲಕ್ಕೆ. ಅಲ್ಲಿ ಆಟವೂ ಇದೆ, ಕಸುಬೂ ಇದೆ. ನಾನು ಕೈಬಿಟ್ಟದ್ದು ಈ ಎರಡನೆಯದನ್ನು. ಅದಕ್ಕೆ ಕಬಡ್ಡಿಯನ್ನು ದೂರಿದರೆ ಹೇಗೆ?

ಮಗಳನ್ನು ಹತ್ತಿರ ಕೂರಿಸಿಕೊಂಡೆ. ಇಷ್ಟು ವರ್ಷ 'ಸೈಕಲ್‌ನಿಂದ ಬಿದ್ದೆ' ಎಂದು ಹೇಳಿಕೊಂಡು ಬಂದಿದ್ದ ಮಂಡಿಯ ನಿಜವನ್ನೂ ಬರೆಯದ ಪರೀಕ್ಷೆಯ ಕಥೆಯನ್ನೂ ಹೇಳಿದೆ. ಹೇಳುವಾಗ ನಾಚಿಕೆಯಾಯಿತು, ಹೇಳಿದ ಮೇಲೆ ಹಗುರವಾಯಿತು. 'ಎರಡು ಮಾತು ಕೊಡು. ನೋವಾದರೆ ಮುಚ್ಚಿಡಬಾರದು. ಪರೀಕ್ಷೆ ಆಮೇಲೆ ಎನ್ನಬಾರದು' ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, 'ನೀನೂ ಒಂದು ಮಾತು ಕೊಡಪ್ಪ, ಮ್ಯಾಚ್ ನೋಡೋಕೆ ಬರಬೇಕು' ಎಂದಳು.

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈಗ ಒಂದೇ ಶೈಕ್ಷಣಿಕ ಜಿಲ್ಲೆ. ನಾನು ಎದುರಿಸಿದ ಊರುಗಳನ್ನೇ ಅವಳೂ ಎದುರಿಸಬೇಕು. ಸೈನ್ ಹಾಕಿದೆ. ಬೆಳಿಗ್ಗೆ ಅವಳ ಚೀಲಕ್ಕೆ ನಾನು ಮಂಡಿಗೆ ಹಾಕುವ ಪಟ್ಟಿ ತುಂಬಿದೆ. ನೋಡಿದರೆ, ಅದರ ಕೆಳಗೆ ಅವರಮ್ಮ ಆಗಲೇ ಗಣಿತದ ಪುಸ್ತಕ ಇಟ್ಟಿದ್ದಳು.