ಊಸರವಳ್ಳಿಯ ನೆರಳು

ಊಸರವಳ್ಳಿ ಎಂಬುದು ನಮಗೊಂದು ಬೈಗುಳ. ಅದರ ಬಣ್ಣಕ್ಕೂ ಕಾರಣವುಂಟೆಂದು ನನಗೆ ತಿಳಿದದ್ದು ಅರಬೈಲಿನ ಮನೆಯಲ್ಲಿ.

ಹೈಸ್ಕೂಲು ಮುಗಿಸಿದ ಮಗ ಬೇಲಿಯಿಂದ ಅದರ ಮರಿಯೊಂದನ್ನು ತಂದಿದ್ದ. ಮಳೆ ಹಿಡಿದಿತ್ತು. ಚಳಿಗೆ ಸತ್ತೀತೆಂದು ನಾನೇ ಮುಂದಾಗಿ ಪೆಟ್ಟಿಗೆಯೊಳಗೆ 60 ವ್ಯಾಟಿನ ಬಲ್ಬು ಹೊತ್ತಿಸಿಟ್ಟೆ. ಕಪ್ಪಗಿದ್ದ ಮರಿ ಬಿಳಿಚಿಕೊಂಡು ಬಾಯಿ ತೆರೆದು ಕುಳಿತಿತು. ಉಪಚಾರ ಫಲಿಸಿತೆಂದು ಹಿಗ್ಗಿದೆ. ಆಯಿ ಇಣುಕಿ ನೋಡಿ, “ಅದ್ಕೆ ನೆರಳು ಬ್ಯಾಡ್ದನಾ, ತಮಾ?” ಎಂದಳು.

ಮೈಯಲ್ಲಿ ತಾನೇ ಕಾವು ಹುಟ್ಟಿಸಿಕೊಳ್ಳಲಾರದ ಜೀವವದು. ಚಳಿಯಾದರೆ ಕಪ್ಪಾಗಿ ಬಿಸಿಲು ಹೀರುತ್ತದೆ. ಸೆಕೆಯಾದರೆ ಬಿಳಿಚಿ ನೆರಳಿಗೆ ಸರಿಯುತ್ತದೆ. ನನ್ನ ಪೆಟ್ಟಿಗೆಯಲ್ಲಿ ಸರಿಯಲು ಜಾಗವೇ ಇರಲಿಲ್ಲ. ಸಾಕುವುದಕ್ಕೆ 1972ರ ವನ್ಯಜೀವಿ ಕಾಯಿದೆಯ ಅಡ್ಡಿಯೂ ಉಂಟು.

ಕೂಡಲೆ ಬೇಲಿಗೆ ಬಿಟ್ಟೆವು. ಎಲೆಯ ಮರೆಗೆ ಅದು ತಾನೇ ಸರಿಯಿತು.

ಮಗ ಮುಂದೆ ಏನು ಓದಬೇಕೆಂದು ನಾನೊಬ್ಬನೇ ತೀರ್ಮಾನಿಸಿದ್ದೆ. ಆ ರಾತ್ರಿ ಅವನನ್ನೂ ಒಂದು ಮಾತು ಕೇಳಿದೆ.