ಪಾಠದ ಹಂದರ

ಪರೀಕ್ಷೆ ಸಮೀಪಿಸಿತೆಂದರೆ ನಮ್ಮ ಅಷ್ಟೂರಿನ ಮನೆಗಳಲ್ಲಿ ಮಕ್ಕಳು ದನಿಯೆತ್ತಿ ಪಾಠ ಒಪ್ಪಿಸುವುದು ಕೇಳಿಬರುತ್ತದೆ. ಒಂದೇ ಪುಟವನ್ನು ಹತ್ತು ಸಲ ಓದುವ ಆ ಶ್ರಮ ಮೆಚ್ಚತಕ್ಕದ್ದೇ. ಆದರೆ ನಡುವೆ ತಡೆದು, "ಈ ಪಾಠದಲ್ಲಿ ಮುಖ್ಯ ಸಂಗತಿಗಳು ಎಷ್ಟು? ಯಾವುದರಿಂದ ಯಾವುದು ಆಯಿತು?" ಎಂದು ಕೇಳಿದರೆ ಎಷ್ಟೋ ಮಕ್ಕಳು ಸುಮ್ಮನಾಗುತ್ತಾರೆ. ಬಳ್ಳಿ ಹಬ್ಬಿದೆ, ಅದಕ್ಕೆ ಹಂದರವಿಲ್ಲ.

ಮಠದಲ್ಲಿ ನಾವು 'ಸಿದ್ಧಾಂತ ಶಿಖಾಮಣಿ'ಯನ್ನು ಅಭ್ಯಾಸ ಮಾಡುವಾಗ ಗುರುಗಳು ಮೊದಲಿಗೆ ಶ್ಲೋಕ ಹೇಳಿಸುತ್ತಿರಲಿಲ್ಲ, ಸ್ಥಲಗಳ ಹೆಸರನ್ನು ಹೇಳಿಸುತ್ತಿದ್ದರು. ಒಟ್ಟು 101 ಸ್ಥಲಗಳು. ಅಂಗಸ್ಥಲ 44, ಲಿಂಗಸ್ಥಲ 57. ಅಂಗಸ್ಥಲದೊಳಗೆ ಭಕ್ತನಿಗೆ 15, ಮಾಹೇಶ್ವರನಿಗೆ 9, ಪ್ರಸಾದಿಗೆ 7, ಪ್ರಾಣಲಿಂಗಿಗೆ 5, ಶರಣನಿಗೆ 4, ಐಕ್ಯನಿಗೆ 4. ಇಷ್ಟು ಮನಸ್ಸಿನಲ್ಲಿ ನೆಲೆಗೊಂಡ ಮೇಲೆ, ಯಾವ ಶ್ಲೋಕ ಎದುರಾದರೂ ಅದರ ಸ್ಥಾನ ತಾನಾಗಿ ತಿಳಿಯುತ್ತಿತ್ತು. 15ನೆಯ ಶತಮಾನದ ವಿರಕ್ತರು ಚದುರಿದ್ದ ವಚನಗಳನ್ನು ಸ್ಥಲಕಟ್ಟಿನಲ್ಲಿ ಜೋಡಿಸಿದ್ದೂ ಇಂಥದೇ ಕಾರ್ಯ. ಇದನ್ನೇ ಶಾಲೆಯ ಮಕ್ಕಳು ತಮ್ಮ ಪಾಠಕ್ಕೆ ಏಕೆ ಮಾಡಿಕೊಳ್ಳಬಾರದು?

ಬಹಮನಿ ರಾಜ್ಯದ ಪಾಠವನ್ನು ತೆಗೆದುಕೊಳ್ಳೋಣ. ಪುಸ್ತಕ ಮುಚ್ಚಿ ಐದು ತಲೆಬರಹ ಬರೆಯಬೇಕು. ಒಂದು, ಸ್ಥಾಪನೆ: 1347, ಅಲ್ಲಾವುದ್ದೀನ್ ಹಸನ್, ಕಲಬುರಗಿ. ಎರಡು, ರಾಜಧಾನಿಯ ಬದಲಾವಣೆ: ಅಹಮದ್ ಷಾ, ಬೀದರ. ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ನಮ್ಮೂರ ಗುಮ್ಮಟ ಈತನದೇ. ಮೂರು, ಏಳಿಗೆ: ಮಹಮೂದ್ ಗವಾನ್, 1472ರ ಮದ್ರಸಾ. ನಾಲ್ಕು, ಒಳಜಗಳ: ದಖನಿಗಳು ಮತ್ತು ಹೊರಗಿನಿಂದ ಬಂದ ಸರದಾರರು, 1481ರಲ್ಲಿ ಗವಾನನ ವಧೆ. ಐದು, ಒಡಕು: ಬೀದರ, ಬಿಜಾಪುರ, ಅಹಮದನಗರ, ಗೋಲ್ಕೊಂಡ, ಬೇರಾರ. ಪ್ರತಿಯೊಂದರ ಕೆಳಗೆ ಮೂರು ನಾಲ್ಕು ಪದಗಳು ಸಾಕು. ಪೂರ್ಣ ವಾಕ್ಯ ಬೇಡ. ಆಮೇಲೆ ಪುಸ್ತಕ ತೆರೆದು ಬಿಟ್ಟುಹೋದುದನ್ನು ಸೇರಿಸಬೇಕು. ಮರುದಿನ ಆ ಒಂದು ಹಾಳೆಯನ್ನು ನೋಡಿ ಪಾಠವನ್ನೆಲ್ಲ ತನ್ನ ಮಾತಿನಲ್ಲಿ ಹೇಳಬೇಕು.

ಅಂಗಡಿಯ ಗೈಡುಗಳಲ್ಲಿ ಇಂಥ ಸಾರಾಂಶ ಅಚ್ಚಾಗಿಯೇ ಸಿಗುತ್ತದೆ. ಆದರೆ ಯಾವುದು ಮುಖ್ಯ, ಯಾವುದು ಅದರ ಅಂಗ ಎಂದು ನಿರ್ಣಯಿಸುವ ಶ್ರಮದಲ್ಲಿಯೇ ಪಾಠ ಅರ್ಥವಾಗುವುದು. ಆ ಶ್ರಮವನ್ನು ಬೇರೆಯವರು ಮಾಡಿಕೊಟ್ಟರೆ ಮಗುವಿಗೆ ಉಳಿಯುವುದು ಮತ್ತೊಂದು ಕಂಠಪಾಠ. ಎಲ್ಲ ಪಾಠಕ್ಕೂ ಈ ಕ್ರಮ ಸಲ್ಲದೆಂಬುದೂ ನಿಜ. ಪದ್ಯವನ್ನು ಬಾಯಿಪಾಠವೇ ಮಾಡಬೇಕು, ಗಣಿತವನ್ನು ಬಿಡಿಸಿಯೇ ಕಲಿಯಬೇಕು.

ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ತಂದೆತಾಯಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಟ್ಯೂಷನ್ನಿಗೆ ಬೀದರಕ್ಕೆ ಕಳಿಸುವ ಅನುಕೂಲವೂ ಇಲ್ಲ. "ನಮಗೇನು ತಿಳಿತದ್ರಿ" ಎಂದು ಅವರು ಮಕ್ಕಳ ಓದಿನಿಂದ ದೂರ ಸರಿಯುತ್ತಾರೆ. ನಮ್ಮ ಓಣಿಯ ಒಬ್ಬ ಹುಡುಗಿಗೆ ಐದು ತಲೆಬರಹಗಳನ್ನು ಐದು ಬೆರಳಿನ ಮೇಲೆ ಎಣಿಸಿ ತಾಯಿಗೆ ಹೇಳುವಂತೆ ತಿಳಿಸಿದ್ದೆ. ಆ ತಾಯಿಗೆ ಅಕ್ಷರ ಬಾರದು. ರೊಟ್ಟಿ ಬಡಿಯುತ್ತಲೇ ಕೇಳಿಸಿಕೊಂಡು, ನಾಲ್ಕನೆಯ ಬೆರಳಿಗೆ ಬಂದಾಗ ತಡೆದಳಂತೆ: "ಅಷ್ಟು ಛಲೋ ದಿವಾನ ಇದ್ದನಲ್ಲ, ಅವನಿಗ್ಯಾಕ ಕೊಂದ್ರು?" ಹುಡುಗಿಗೆ ಉತ್ತರ ತಿಳಿದಿರಲಿಲ್ಲ. ಮತ್ತೆ ಪುಸ್ತಕ ತೆರೆದಳು. ವಿರೋಧಿಗಳು ಸುಳ್ಳು ಪತ್ರ ಸೃಷ್ಟಿಸಿ ಸುಲ್ತಾನನನ್ನು ನಂಬಿಸಿದ್ದು, ಗವಾನ್ ಹೋದ ಮೇಲೆ ಸರದಾರರನ್ನು ಹಿಡಿದಿಡುವವರಿಲ್ಲದೆ ರಾಜ್ಯ ಒಡೆದದ್ದು ಆಗ ಅವಳಿಗೆ ಹೊಳೆಯಿತು. ನಾಲ್ಕಕ್ಕೂ ಐದಕ್ಕೂ ಇರುವ ಸಂಬಂಧವನ್ನು ಆಕೆಗೆ ಕಾಣಿಸಿಕೊಟ್ಟವಳು ಓದುಬಾರದ ತಾಯಿ.

ಆದ್ದರಿಂದ ಸದ್ಭಕ್ತ ತಾಯಂದಿರಲ್ಲಿ ನನ್ನ ವಿನಂತಿ ಇಷ್ಟೇ: ಬರುವ ರವಿವಾರ ಮಗುವನ್ನು ಎದುರಿಗೆ ಕೂಡಿಸಿಕೊಂಡು, ಯಾವುದಾದರೂ ಒಂದು ಪಾಠವನ್ನು ಬೆರಳೆಣಿಸಿ ಹೇಳಿಸಿರಿ. ನಿಮಗೆ ತಿಳಿಯದಿದ್ದಲ್ಲಿ ನಾಚದೆ "ಯಾಕ?" ಎಂದು ಕೇಳಿರಿ.