ನಾಲ್ಕನೆಯ ಸ್ಥಾನದ ಹಾಡು

ಫಲಿತಾಂಶ ಬಂದ ದಿನ ಮೊದಲ ಮೂವರ ಹೆಸರು ಊರಿಗೆಲ್ಲ ಗೊತ್ತಾಗುತ್ತದೆ. ನಾಲ್ಕನೆಯವರ ಹೆಸರು ಮನೆಮಂದಿಗಷ್ಟೇ ನೆನಪಿರುತ್ತದೆ. ಆದರೆ ನಾಲ್ಕನೆಯ ಸ್ಥಾನ ಪಡೆದ ಹಾಡೊಂದನ್ನು ಇಂದು ಜಗತ್ತೇ ಗುನುಗುತ್ತಿದೆ.

ಇಟಲಿಯ ಕಡಲ ತೀರದ ಊರು ಸಾನ್‌ರೆಮೊ. ಅಲ್ಲಿ 1951ರಿಂದ ಪ್ರತಿವರ್ಷ ಹಾಡುಗಳ ಸ್ಪರ್ಧೆ ನಡೆಯುತ್ತಿದೆ. 1955ರಿಂದ ಅದು ಟೀವಿಯಲ್ಲೂ ಪ್ರಸಾರವಾಗುತ್ತಿದೆ. 1995ರಲ್ಲಿ ಆ ವೇದಿಕೆಯ ಮೇಲೆ ಆಂಡ್ರಿಯಾ ಬೊಚೆಲ್ಲಿ ‘ಕೋನ್ ತೆ ಪಾರ್ತಿರೊ’ ಎಂಬ ಹಾಡು ಹಾಡಿದರು. ‘ನಿನ್ನೊಡನೆ ಹೊರಡುವೆ’ ಎಂದು ಅದರ ಅರ್ಥ. ಸಾಹಿತ್ಯ ಲೂಚೊ ಕ್ವಾರಾಂತೊತ್ತೊ ಅವರದು, ಸಂಗೀತ ಫ್ರಾಂಚೆಸ್ಕೊ ಸಾರ್ತೊರಿ ಅವರದು. ಸಿಕ್ಕಿದ್ದು ನಾಲ್ಕನೆಯ ಸ್ಥಾನ.

ಬೊಚೆಲ್ಲಿ ಹುಟ್ಟಿದ್ದು 1958ರಲ್ಲಿ, ಟಸ್ಕನಿ ಪ್ರಾಂತ್ಯದಲ್ಲಿ. ಹುಟ್ಟಿನಿಂದಲೇ ಅವರಿಗೆ ಗ್ಲಾಕೋಮಾ. ಕಣ್ಣಿನೊಳಗೆ ಸದಾ ಒಂದು ದ್ರವ ಉತ್ಪತ್ತಿಯಾಗಿ ಹೊರಹರಿಯುತ್ತಿರುತ್ತದೆ. ಹೊರದಾರಿ ಸರಿಯಿಲ್ಲದಿದ್ದರೆ ಒತ್ತಡ ಏರುತ್ತದೆ, ದೃಷ್ಟಿನರ ಹಾನಿಗೊಳ್ಳುತ್ತದೆ. ಹನ್ನೆರಡನೆಯ ವಯಸ್ಸಿನಲ್ಲಿ ಫುಟ್ಬಾಲ್ ಆಡುವಾಗ ಬಿದ್ದ ಪೆಟ್ಟಿನಿಂದ ಅಳಿದುಳಿದ ದೃಷ್ಟಿಯೂ ಹೋಯಿತು. ಆದರೂ ಅವರು ಪೀಸಾದಲ್ಲಿ ಕಾನೂನು ಓದಿದರು, ಕೆಲಕಾಲ ವಕೀಲಿಯನ್ನೂ ಮಾಡಿದರು. ಖರ್ಚಿಗಾಗಿ ಬಾರುಗಳಲ್ಲಿ ಪಿಯಾನೊ ನುಡಿಸುತ್ತ ಹಾಡಿದರು. ಕೋಟ್ಯಂತರ ಜನ ಟೀವಿ ಪರದೆಯ ಮೇಲೆ ಕಾಣುವ ತಮ್ಮ ಮುಖವನ್ನು ಅವರು ಮಾತ್ರ ಕಾಣಲಾರರು.

ಹಾಡು ಗಡಿ ದಾಟಿ ಬೆಲ್ಜಿಯಂನಲ್ಲಿ ಮೊದಲ ಸ್ಥಾನಕ್ಕೇರಿತು. ಮುಂದಿನ ತಿರುವು ಜರ್ಮನಿಯಲ್ಲಿ ಕಾದಿತ್ತು. ಅಲ್ಲಿನ ವಿಶ್ವ ಚಾಂಪಿಯನ್ ಬಾಕ್ಸರ್ ಹೆನ್ರಿ ಮಾಸ್ಕೆ 1996ರ ನವೆಂಬರ್ 23ರಂದು ಮ್ಯೂನಿಕ್‌ನಲ್ಲಿ ವಿದಾಯದ ಪಂದ್ಯ ಆಡುವವರಿದ್ದರು. ಆ ಸಂದರ್ಭಕ್ಕೆಂದು ಇಂಗ್ಲೆಂಡಿನ ಗಾಯಕಿ ಸಾರಾ ಬ್ರೈಟ್‌ಮನ್ ಬೊಚೆಲ್ಲಿಯವರ ಜೊತೆಗೂಡಿ ಇದೇ ಹಾಡನ್ನು ಯುಗಳಗೀತೆಯಾಗಿಸಿದರು. ಹೆಸರು ‘ಟೈಮ್ ಟು ಸೇ ಗುಡ್‌ಬೈ’ ಎಂದಾಯಿತು. ಜೊತೆಗೆ ಹೊರಡುವ ಹಾಡು ಹೀಗೆ ಬೀಳ್ಕೊಡುವ ಹಾಡಾಯಿತು!

ವೃತ್ತಿಪರ ಪಂದ್ಯಗಳಲ್ಲಿ ಅದುವರೆಗೆ ಸೋಲನ್ನೇ ಕಾಣದ ಮಾಸ್ಕೆ ಅಂದು ಅಮೆರಿಕದ ವರ್ಜಿಲ್ ಹಿಲ್ ಎದುರು ಅಂಕಗಳ ಲೆಕ್ಕದಲ್ಲಿ ಸೋತರು. ಸೋತವನ ಕಣ್ಣೀರನ್ನೂ ಹಾಡನ್ನೂ ಟೀವಿ ಒಟ್ಟಿಗೇ ಮನೆಮನೆಗೆ ತಲುಪಿಸಿತು. ಜರ್ಮನಿಯಲ್ಲಿ ಅತಿ ಹೆಚ್ಚು ಮಾರಾಟವಾದ ಧ್ವನಿಮುದ್ರಿಕೆಗಳ ಸಾಲಿಗೆ ಅದು ಸೇರಿತು. ಮಾಸ್ಕೆ ಕೂಡ ಹತ್ತು ವರ್ಷಗಳ ಮೇಲೆ, 2007ರಲ್ಲಿ, ಅದೇ ಮ್ಯೂನಿಕ್‌ನಲ್ಲಿ ಅದೇ ಹಿಲ್‌ರನ್ನು ಮಣಿಸಿದರು.

ಸಾನ್‌ರೆಮೊದ ತೀರ್ಪು ತಪ್ಪಿತ್ತೆನ್ನಲಾಗದು. ಯಾವ ಮಾಪಕವೂ ತನಗೆ ಅಳೆಯಲು ಬರುವುದನ್ನಷ್ಟೇ ಅಳೆಯುತ್ತದೆ. ಥರ್ಮಾಮೀಟರು ಜ್ವರ ಎಷ್ಟೆಂದು ತೋರಿಸೀತು. ರೋಗಿಯ ಧೈರ್ಯ ಎಷ್ಟೆಂದು ತೋರಿಸಲು ಅದಕ್ಕೆ ಬಾರದು. ಅಂಕಪಟ್ಟಿಯೂ ಅಂಥದೇ ಒಂದು ಮಾಪಕ. ಮಗಳೋ ಮಗನೋ ಅದನ್ನು ಹಿಡಿದು ಬಾಗಿಲಲ್ಲಿ ನಿಂತಾಗ ಪಾಲಕರು ಮೊದಲು ಮಕ್ಕಳ ಮುಖ ನೋಡಲಿ. ಅಂಕಗಳನ್ನು ಆಮೇಲೆ ಓದಿದರಾಯಿತು.